ಹಬ್ಬಕ್ಕೆ ಬಾತುಕೋಳಿ ತರೋರಿಗೆ: ಗದ್ದೆ ಬಾತೇ ಬೇಕು ಅನ್ನೋ ಹಟ ಬಿಡಿ

ಡಿಸೆಂಬರ್ ಹತ್ರ ಬಂತು ಅಂದ್ರೆ ಸಾಕು, "ಗುರೂ, ಒಳ್ಳೇ ನಾಟಿ ಬಾತು ಎಲ್ಲಿ ಸಿಗುತ್ತೆ" ಅಂತ ಫೋನ್ ಶುರುವಾಗುತ್ತೆ. ಎಲ್ಲಿ ಸಿಗುತ್ತೆ ಅಂತ ಎಲ್ರೂ ಕೇಳ್ತಾರೆ, ಎಂಥದ್ದು ತಗೋಬೇಕು ಅಂತ ಒಬ್ರೂ ಕೇಳಲ್ಲ. ಇದೇ ಜನ ಹೊಸತೊಡಕಿಗೆ ಕುರಿ ತರೋವಾಗ ನೋಡ್ಬೇಕು, ಬಂಡೂರು ಕುರಿ ಹೌದೋ ಅಲ್ವೋ ಅಂತ ಹಿಂದಗಡೆ ನಿಂತು ತಲೆಕೆಳಗಾದ ಯು ಥರ ಇದ್ಯಾ ನೋಡ್ತಾರೆ, ಕಾಲು ಗಿಡ್ಡ ಇದ್ಯಾ ನೋಡ್ತಾರೆ, ಬೆನ್ನು ಒತ್ತಿ ಒತ್ತಿ ನೋಡ್ತಾರೆ, ಮಂಡ್ಯ ಕಡೆಯೋರಿಗಂತೂ ಕತ್ತಲಲ್ಲಿ ಕುರಿ ಕೊಟ್ರೂ ಕೈಯಲ್ಲೇ ಲೆಕ್ಕ ಹೇಳ್ತಾರೆ. ಬಾತು ವಿಷಯಕ್ಕೆ ಬಂದ್ರೆ ಮಾತ್ರ "ನಾಟಿನಾ? ಸರಿ ಎರಡು ಹಾಕಪ್ಪ" ಅಷ್ಟೇ. ಆಮೇಲೆ ಕುಕ್ಕರ್ ಎಷ್ಟು ಕೂಗಿದ್ರೂ ಬೇಯಲ್ಲ, ವಾಸನೆ ಬೇರೆ, "ಬಾತು ತಿನ್ನೋ ಪದಾರ್ಥ ಅಲ್ಲ ಬಿಡಿ" ಅಂತ ತೀರ್ಪು ಕೊಟ್ಟುಬಿಡ್ತಾರೆ.

ನಮ್ಮ ಮನೇಲಿ ಕ್ರಿಸ್‌ಮಸ್ ಅಂದ್ರೆ ಬಾತು ಇರ್ಲೇಬೇಕು. ಅಮ್ಮನ ಕಡೆಯೋರು ಡೋರ್ನಹಳ್ಳಿ ಸುತ್ತಮುತ್ತಲಿನೋರು, ಅದೇ ಕೆ.ಆರ್. ನಗರ ತಾಲ್ಲೂಕು, ಸಂತ ಅಂತೋಣಿಯವರ ದೊಡ್ಡ ಚರ್ಚ್ ಇರೋ ಊರು. ಸುತ್ತ ಎಲ್ಲಾ ಕಾವೇರಿ ನಾಲೆ ನೀರಿನ ಭತ್ತದ ಗದ್ದೆ. ಹಬ್ಬದ ದಿನ ನಮ್ಮಲ್ಲಿ ಕೇಕು, ಕಲ್‌ಕಲ್ಸ್ ಎಲ್ಲಾ ಇರುತ್ತೆ, ಆದ್ರೆ ಊಟ ಅಂದ್ರೆ ಒತ್ತು ಶ್ಯಾವಿಗೆ, ಬಾತಿನ ಸಾರು, ಇನ್ನೊಂದು ಕಡೆ ಮೆಣಸು ಹಾಕಿ ಹುರಿದ ಬಾತು. ಮೈಸೂರಲ್ಲಿರೋ ಮಲಯಾಳಿ ಸ್ನೇಹಿತರ ಮನೇಲೂ ಬಾತೇ, ಅವ್ರದ್ದು ಕುಟ್ಟನಾಡಿನ ರುಚಿ, ತೆಂಗಿನಹಾಲು, ಅಪ್ಪಂ. ನಮ್ದು ಅವರಿಗೆ ಖಾರ, ಅವ್ರದ್ದು ನಮಗೆ ಸಪ್ಪೆ. ಇರ್ಲಿ.

ಈಗ ಹೇಳ್ಬೇಕಾಗಿರೋ ಮಾತು, ಸ್ವಲ್ಪ ಜನಕ್ಕೆ ಬೇಜಾರಾಗ್ಬಹುದು. "ಗದ್ದೇಲಿ ಮೇಯ್ದ ಬಾತೇ ಬೆಸ್ಟು, ಸಾಕಿದ ಬಾತು ವೇಸ್ಟು" ಅಂತ ಎಲ್ರೂ ಹೇಳ್ತಾರಲ್ಲ, ಅದು ಅರ್ಧ ಸತ್ಯ. ಬರೀ ಗದ್ದೇಲೇ ಜೀವನ ಕಳೆದ ಬಾತು ಹಬ್ಬದ ರೋಸ್ಟಿಗೆ ಆಗಲ್ಲ. ಬರೀ ಶೆಡ್ಡಲ್ಲಿ ಫೀಡ್ ತಿಂದು ಊದಿರೋದೂ ಬೇಡ. ಗದ್ದೆಲೋ ತೋಟದಲ್ಲೋ ಓಡಾಡಿ ಬೆಳೆದು, ಕೊನೇ ಎರಡು ಮೂರು ವಾರ ಮನೆ ಹತ್ರ ಭತ್ತ, ನುಚ್ಚು, ರಾಗಿ ತಿಂದು ಮೈ ತುಂಬಿಕೊಂಡಿರೋ ಎಳೇ ಬಾತು, ನಾನು ಹುಡುಕೋದು ಅದನ್ನ.

ಯಾಕೆ ಅಂತ ಕೇಳಿ. ನವೆಂಬರ್ ಕೊನೆ, ಡಿಸೆಂಬರಲ್ಲಿ ಭತ್ತದ ಕಟಾವು ಮುಗೀತಾ ಬಂದಾಗ ಕೆ.ಆರ್. ನಗರ, ಪಾಂಡವಪುರ, ಶ್ರೀರಂಗಪಟ್ಟಣ, ಮಂಡ್ಯ ಕಡೆ ನಾಲೆ ಬಯಲಲ್ಲಿ ಬಸ್ಸಲ್ಲಿ ಹೋಗ್ತಿದ್ರೆ ನೀವೇ ನೋಡಿರ್ತೀರ, ಕೂಳೆ ಉಳಿದಿರೋ ಗದ್ದೇಲಿ ಕಂದು ಬಣ್ಣದ ಬಾತುಗಳ ದೊಡ್ಡ ಹಿಂಡು, ಹಿಂದೆ ಉದ್ದ ಕೋಲು ಹಿಡಿದ ಒಬ್ಬ, ಏರಿ ಮೇಲೆ ಟಾರ್ಪಾಲ್ ಟೆಂಟು, ರಾತ್ರಿಗೆ ಸುತ್ತ ಕಟ್ಟೋ ಬಲೆ. ಇವರು ಬಹುಪಾಲು ತಮಿಳುನಾಡಿಂದ, ಆಂಧ್ರದಿಂದ ಬಂದೋರು, ಕಟಾವು ಎಲ್ಲಾಗುತ್ತೋ ಅಲ್ಲಿಗೆ ಹಿಂಡು ಹೊಡ್ಕೊಂಡು ಹೋಗ್ತಾರೆ, ದೂರ ಇದ್ರೆ ಲಾರಿಗೆ ತುಂಬ್ತಾರೆ. ಉದುರಿದ ಭತ್ತ, ಬಸವನಹುಳು, ಏಡಿಮರಿ, ಹುಳಹುಪ್ಪಟೆ, ಎಲ್ಲಾ ಬಾತಿಗೆ ಊಟ. ರೈತರಿಗೂ ಲಾಭ, ಗದ್ದೆಗೆ ಗೊಬ್ಬರ ಬೀಳುತ್ತೆ, ಬಸವನಹುಳು ಕಾಟ ಕಡಿಮೆ. ಈಗ ಮಷಿನ್ ಕಟಾವು ಬಂದ್ಮೇಲೆ ಚಕ್ರ ಹೋದ ಜಾಗದಲ್ಲೆಲ್ಲಾ ನೀರು ನಿಂತಿರುತ್ತಲ್ಲ, ಅಲ್ಲಿ ಕೊಕ್ಕು ಇಟ್ಟು ಚಪಚಪ ಅಂತ ಸೋಸ್ತಾ ಸಾಲಾಗಿ ಹೋಗೋದು ನೋಡೋಕೇ ಚಂದ.

ಆದ್ರೆ ಈ ಹಿಂಡು ಸಾಕೋದು ಮೊಟ್ಟೆಗೆ. ಮೊಟ್ಟೆ ಹೋಗೋದು ಕೇರಳದ ಕಡೆಗೇ ಜಾಸ್ತಿ, ಸ್ವಲ್ಪ ಇಲ್ಲೇ ಮೂಲವ್ಯಾಧಿಗೆ ಒಳ್ಳೇದು ಅಂತ ನಂಬೋರು ಹುಡುಕ್ಕೊಂಡು ಹೋಗಿ ತಗೋತಾರೆ. ಹಂಗಾಗಿ ಹಿಂಡಲ್ಲಿ ಮಾರೋಕೆ ಸಿಗೋ ಬಾತು ಸಾಮಾನ್ಯವಾಗಿ ಮೊಟ್ಟೆ ನಿಲ್ಲಿಸಿದ ಹಳೇ ಹೆಣ್ಣು, ಎರಡು ವರ್ಷ, ಕೆಲವು ಸಲ ಮೂರು ವರ್ಷದ್ದು. ದಿನಾ ಕಿಲೋಮೀಟರ್‌ಗಟ್ಟಲೆ ನಡೆದು ನಡೆದು ತೊಡೆ ಮಾಂಸ ಹಗ್ಗ ಆಗಿರುತ್ತೆ. ಇದರ ಸಾರು ಮಾತ್ರ ಅದ್ಭುತ, ಸೌದೆ ಒಲೆ ಮೇಲೆ ನಿಧಾನಕ್ಕೆ ಬೇಯಿಸಿ ಮುದ್ದೆ ಜೊತೆ ಉಂಡ್ರೆ ಏನೂ ಹೇಳಂಗಿಲ್ಲ, ಆದ್ರೆ ರೋಸ್ಟ್ ಮಾಡ್ತೀನಿ ಅಂತ ಹೊರಟ್ರೆ ಹಲ್ಲಿಗೆ ಕೆಲಸ. ಮಾರೋನು ಸುಳ್ಳು ಹೇಳಿರಲ್ಲ ನೋಡಿ, ನೀವು "ನಾಟಿನಾ?" ಅಂದ್ರಿ, ಅವನು "ಹೂಂ" ಅಂದ. ವಯಸ್ಸು ನೀವು ಕೇಳ್ಲೇ ಇಲ್ವಲ್ಲ.

ಹಿಂಡಿನವರ ಹತ್ರ ತಗೊಳ್ಳೋದಾದ್ರೆ ಒಂದೇ ದಾರಿ, ಎಳೇ ಗಂಡು ಕೇಳಿ. ಮೊಟ್ಟೆ ಹಿಂಡಿಗೆ ಗಂಡು ಜಾಸ್ತಿ ಬೇಕಾಗಲ್ಲ, ಹೆಚ್ಚಾಗಿರೋದನ್ನ ಅವರೇ ಮಾರ್ತಾರೆ. ಗಂಡು ಗುರುತು ಸುಲಭ, ಬಾಲದ ಮೇಲೆ ಎರಡು ಮೂರು ಪುಕ್ಕ ಮೇಲಕ್ಕೆ ಸುರುಳಿ ಸುತ್ತಿರುತ್ತೆ. ಆ ಸುರುಳಿ ಮೂಡೋದು ಸುಮಾರು ಮೂರು ನಾಲ್ಕು ತಿಂಗಳಿಗೆ, ಅದಕ್ಕೇ ಸುರುಳಿ ಇನ್ನೂ ಈಗ ಬರ್ತಾ ಇದೆ, ಅರ್ಧ ಬಾಗಿದೆ ಅನ್ನಂಗಿದ್ರೆ ಅದು ನಮಗೆ ಬೇಕಾದ ವಯಸ್ಸು. ದನಿಯಲ್ಲೂ ಗೊತ್ತಾಗುತ್ತೆ, ಜೋರಾಗಿ ಕ್ವಾಕ್ ಕ್ವಾಕ್ ಅಂತ ಊರೆಲ್ಲಾ ಎಬ್ಬಿಸೋದು ಹೆಣ್ಣು, ಗಂಡು ಗಂಟಲು ಕಟ್ಟಿದಂಗೆ ಪಿಸುಗುಡುತ್ತೆ ಅಷ್ಟೇ. ಆ ಎಳೇ ಗಂಡನ್ನ ತಂದು ಹಿತ್ತಲಲ್ಲಿ ಬಿಟ್ಟು ಎರಡು ಮೂರು ವಾರ ನೆನೆಸಿದ ಭತ್ತ, ನುಚ್ಚಕ್ಕಿ ಗಂಜಿ, ಸೊಪ್ಪು ಹಾಕಿದ್ರೆ ಚರ್ಮದ ಕೆಳಗೆ ತೆಳ್ಳಗೆ ಕೊಬ್ಬು ಕೂರುತ್ತೆ, ಗದ್ದೆ ರುಚೀನೂ ಇರುತ್ತೆ, ಬೇಯೋಕೂ ಒಪ್ಪುತ್ತೆ. ಮೈಸೂರಲ್ಲಿ ಅಪಾರ್ಟ್‌ಮೆಂಟಲ್ಲಿರೋರು ಏನ್ ಮಾಡೋದು ಅಂದ್ರೆ, ಹಳ್ಳೀಲಿ ನೆಂಟರೋ ಸ್ನೇಹಿತರೋ ಇರ್ತಾರಲ್ಲ, ಅವರಿಗೆ ನವೆಂಬರಲ್ಲೇ ದುಡ್ಡು ಕೊಟ್ಟಿಡಿ, ಮೇವಿನ ಖರ್ಚು ಸೇರಿಸಿ. ಬಿಟ್ಟಿ ಕೆಲಸ ಮಾಡಿಸ್ಬೇಡಿ.

ಹಿಂಡಿನವರ ಹತ್ರ ಇನ್ನೊಂದು ಕೇಳ್ಬೇಕು, ಯಾವ ಗದ್ದೆಗೆ ಬಿಟ್ಟಿದ್ರಿ, ಔಷಧಿ ಹೊಡೆದಿದ್ರಾ ಅಂತ. ಅವರೂ ಭಯ ಬೀಳೋದು ಇದಕ್ಕೇ, ಕೀಟನಾಶಕ ಹೊಡೆದ ಗದ್ದೆಗೆ ಇಳಿದ್ರೆ ಹಿಂಡೇ ಮಲಗಿಬಿಡುತ್ತೆ. ರೈತನ್ನ ಕೇಳಿನೇ ಇಳಿಸ್ತೀನಿ ಅನ್ನೋನ ಹತ್ರ ತಗೊಳ್ಳಿ, "ಅದೆಲ್ಲಾ ಏನಾಗಲ್ಲ ಬಿಡಿ ಸಾ" ಅನ್ನೋನ ಹತ್ರ ಬೇಡ.

ಈಗ ಸಾಕಣೆ ಬಾತು. ಬಿಳೀದು, ಹಳದಿ ಕೊಕ್ಕು, ದಪ್ಪ ಮೈ ಇದ್ರೆ ಸಾಮಾನ್ಯವಾಗಿ ವೈಟ್ ಪೆಕಿನ್. ಚೀನಾ ಮೂಲದ್ದು, 1873ರಲ್ಲಿ ಅಮೆರಿಕಕ್ಕೆ ಹೋಗಿ ಅಲ್ಲಿಂದ ಪ್ರಪಂಚಕ್ಕೆಲ್ಲಾ ಮಾಂಸದ ಬಾತು ಆಯ್ತು. ಏಳೆಂಟು ವಾರಕ್ಕೇ ಎರಡು ಕೆಜಿ ದಾಟುತ್ತೆ. ಖಾಕಿ ಕ್ಯಾಂಪ್‌ಬೆಲ್ ಅನ್ನೋದು ಇಂಗ್ಲೆಂಡಲ್ಲಿ ಮೊಟ್ಟೆಗೋಸ್ಕರ ಮಾಡಿದ ತಳಿ, ವರ್ಷಕ್ಕೆ 300ರ ಹತ್ರ ಮೊಟ್ಟೆ ಇಡುತ್ತೆ, ಮೈ ಸಣ್ಣ. ಬೆಂಗಳೂರು ಹತ್ರ ಹೆಸರಘಟ್ಟದಲ್ಲಿರೋ ಕೇಂದ್ರ ಸರ್ಕಾರದ ಕೋಳಿ ಅಭಿವೃದ್ಧಿ ಸಂಸ್ಥೆಯಲ್ಲಿ ಈ ಬಾತುಗಳನ್ನೂ ಸಾಕ್ತಾರೆ, ನಮ್ಮ ಕಡೆ ಸಣ್ಣದಾಗಿ ಶುರು ಮಾಡಿದ ಕೆಲವರು ಮರಿಗೆ ಅಲ್ಲಿಗೇ ಹೋಗ್ತಾರೆ. ಮುಖದ ಮೇಲೆ ಕೆಂಪು ಗಂಟು ಗಂಟು ಇರೋ ದೊಡ್ಡದು ಮಸ್ಕೋವಿ, ಅದು ಬೇರೆ ಜಾತೀನೇ, ದಕ್ಷಿಣ ಅಮೆರಿಕದ್ದು, ಮೊಟ್ಟೆ ಮರಿಯಾಗೋಕೆ ಬೇರೆ ಬಾತಿಗೆ 28 ದಿನ ಆದ್ರೆ ಇದಕ್ಕೆ 35 ದಿನ. ಕೊಬ್ಬು ಕಡಿಮೆ, ಮಾಂಸ ಜಾಸ್ತಿ, ಕೊಬ್ಬು ಬೇಡ ಅನ್ನೋರಿಗೆ ಇದು ಒಳ್ಳೇದು. ನಂಗೆ ಅಷ್ಟಕ್ಕಷ್ಟೇ.

ಸಾಕಣೆ ಜಾಗಕ್ಕೆ ಹೋದ್ರೆ ಬಾತು ನೋಡೋಕ್ಕಿಂತ ಮುಂಚೆ ನೀರು ನೋಡಿ. ಕೆರೇನೇ ಇರ್ಬೇಕು ಅಂತ ಏನಿಲ್ಲ, ಈಜೋಕೆ ಕೊಳ ಇಲ್ದಿದ್ರೂ ಬಾತು ಬೆಳೆಯುತ್ತೆ. ಆದ್ರೆ ತಲೆ ಪೂರ್ತಿ ಮುಳುಗಿಸೋ ಅಷ್ಟು ಆಳದ ನೀರು ಇರ್ಲೇಬೇಕು. ಕೋಳಿಗೆ ಇಡೋ ನಿಪ್ಪಲ್ ಪೈಪೋ ಚಿಕ್ಕ ಡ್ರಿಂಕರೋ ಇಟ್ಟು ಬಿಟ್ಟಿದ್ರೆ ಕಣ್ಣು ಮೂಗು ತೊಳ್ಕೊಳ್ಳೋಕೆ ಆಗಲ್ಲ, ಕಣ್ಣ ಸುತ್ತ ಪಿಸರು ಕಟ್ಟುತ್ತೆ, ಮೂಗಿನ ಹೊಳ್ಳೇಲಿ ಒಣಗಿದ ಕೊಳೆ ಕೂತಿರುತ್ತೆ. ಒಂದು ಬಕೆಟ್ ನೀರು ಅವುಗಳ ಮುಂದೆ ಇಡೋಕೆ ಹೇಳಿ ನೋಡಿ. ಆರೋಗ್ಯವಾಗಿರೋ ಬಾತು ಒಂದು ನಿಮಿಷ ಸುಮ್ನಿರಲ್ಲ, ತಲೆ ಅದ್ದಿ ಬೆನ್ನ ಮೇಲೆ ನೀರು ಎಸೆದು, ಬಾಲದ ಬುಡದಿಂದ ಎಣ್ಣೆ ತಗೊಂಡು ಪುಕ್ಕಕ್ಕೆಲ್ಲಾ ಸವರ್ಕೊಳ್ಳುತ್ತೆ, ನೀರು ಹನಿ ಹನಿಯಾಗಿ ಜಾರಿ ಬೀಳುತ್ತೆ. ಪುಕ್ಕ ಒದ್ದೆಯಾಗಿ ಮೈಗೆ ಅಂಟಿಕೊಳ್ತು ಅಂದ್ರೆ ಅಲ್ಲಿಂದ ಎದ್ದು ಬನ್ನಿ.

ಆಮೇಲೆ ಮೇವು. ಮೂಟೆ ಬಿಚ್ಚಿಸಿ ಮೂಸಿ, ನಾಚಿಕೆ ಬೇಡ. ಬಾತಿಗೆ ಬೂಷ್ಟು ಹಿಡಿದ ಮೇವು ಅಂದ್ರೆ ವಿಷ, ಕೋಳಿ ತಡ್ಕೊಳ್ಳೋ ಅಷ್ಟು ಅಫ್ಲಾಟಾಕ್ಸಿನ್ನನ್ನ, ಅಂದ್ರೆ ಆ ಬೂಷ್ಟಿನ ವಿಷಾನ, ಬಾತು ತಡ್ಕೊಳ್ಳಲ್ಲ, ಲಿವರ್ರೇ ಹೋಗುತ್ತೆ. ಈ ಅಫ್ಲಾಟಾಕ್ಸಿನ್ ಅನ್ನೋದು ಗೊತ್ತಾಗಿದ್ದೇ ಹಂಗೆ, 1960ರಲ್ಲಿ ಇಂಗ್ಲೆಂಡಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಮರಿಗಳು, ಜೊತೆಗೆ ಬಾತು ಮರಿಗಳೂ ಸತ್ತಾಗ ಏನಪ್ಪಾ ರೋಗ ಅಂತ ಹುಡುಕಿದ್ರೆ ಬ್ರೆಜಿಲ್ಲಿಂದ ತರಿಸಿದ ಕಡ್ಲೆಕಾಯಿ ಹಿಂಡೀಲಿ ಬೂಷ್ಟು ಸಿಕ್ತು. ನಮ್ಮಲ್ಲೂ ಹಿಂಡಿ, ಮುಸುಕಿನ ಜೋಳ ಮಳೆಗಾಲದಲ್ಲಿ ಮೂಲೇಲಿ ಬಿದ್ದಿರುತ್ತೆ, ದನಕ್ಕೆ ಬೇಡ ಅಂದಿದ್ದನ್ನ ಬಾತಿಗೆ ಸುರಿಯೋರು ಇದ್ದಾರೆ. ಇನ್ನು ಕೆಲವರು ಬ್ರಾಯ್ಲರ್ ಮರಿ ಫೀಡನ್ನೇ ಕೊಟ್ಟು ಬೆಳೆಸ್ತಾರೆ, ಬಾತು ಮರಿಗೆ ನಿಯಾಸಿನ್ ಅನ್ನೋ ಬಿ ವಿಟಮಿನ್ ಕೋಳಿಗಿಂತ ಜಾಸ್ತಿ ಬೇಕು, ಅದು ಸಾಲದೇ ಹೋದ್ರೆ ಕಾಲು ಸೊಟ್ಟ ಆಗುತ್ತೆ. ಕಾಲು ಬಿಲ್ಲಿನಂಗೆ ಬಾಗಿ ಕುಂಟ್ತಾ ಇರೋ ಬಾತು ಹಿಂಡಲ್ಲಿ ಸುಮಾರು ಕಂಡ್ರೆ ಬೇರೆ ಪ್ರಶ್ನೆ ಕೇಳೋದೇ ಬೇಡ.

ಇಷ್ಟಾದ್ಮೇಲೆ ಕೈಗೆ ತಗೊಳ್ಳಿ. ಎದೆ ಮೂಳೆ ಮೇಲೆ ಬೆರಳು ಓಡಿಸಿ, ಮೂಳೆ ಚಾಕು ಅಂಚಿನ ಥರ ಕೈಗೆ ಚುಚ್ಚಿದ್ರೆ ಮೈ ತುಂಬಿಲ್ಲ, ಎರಡೂ ಕಡೆ ಮಾಂಸ ಉಬ್ಬಿ ಮೂಳೆ ಒಳಗೆ ಕೂತಂಗಿದ್ರೆ ಸರಿ. ಕೆಳಕೊಕ್ಕನ್ನ ಎರಡು ಬೆರಳಲ್ಲಿ ಮೆಲ್ಲಗೆ ಒತ್ತಿದ್ರೆ ಎಳೇದಾದ್ರೆ ಬಾಗುತ್ತೆ, ಬಲಿತದ್ದು ಜಪ್ಪಯ್ಯ ಅಂದ್ರೂ ಬಗ್ಗಲ್ಲ. ಕಾಲ್ಬೆರಳ ನಡುವಿನ ಚರ್ಮ ಎಳೇದಕ್ಕೆ ಮೆತ್ತಗಿರುತ್ತೆ, ಹಳೇದಕ್ಕೆ ಒರಟು. ಪಾದ ತಿರುಗಿಸಿ ನೋಡಿ, ಅಡೀಲಿ ಕಪ್ಪು ಗಾಯ, ಊತ ಇದ್ರೆ ಸಿಮೆಂಟ್ ನೆಲದ ಮೇಲೋ ಒದ್ದೆ ಹೊಟ್ಟಿನ ಮೇಲೋ ಸಾಕಿದ್ದಾರೆ ಅಂತ ಅರ್ಥ. ಕಿವಿ ಹತ್ರ ಹಿಡಿದು ಉಸಿರು ಕೇಳಿ, ಗೊರಗೊರ ಅನ್ಬಾರ್ದು. ಪುಕ್ಕ ಬಿಡಿಸಿ ಚರ್ಮ ನೋಡೋದು ಮರೀಬೇಡಿ, ಹೊಸ ಪುಕ್ಕ ಮುಳ್ಳು ಮುಳ್ಳಾಗಿ ಚರ್ಮದೊಳಗೇ ಕೂತಿದ್ರೆ ಆ ಬಾತು ಕ್ಲೀನ್ ಮಾಡೋಷ್ಟರಲ್ಲಿ ಹಬ್ಬ ಮುಗಿದಿರುತ್ತೆ. ಅದಕ್ಕೇ ಪೆಕಿನ್ ಆದ್ರೆ ಏಳೆಂಟು ವಾರದ್ದು, ಇಲ್ಲಾಂದ್ರೆ ಹನ್ನೆರಡು ಹದಿಮೂರು ವಾರ ದಾಟಿದ್ದು ನೋಡ್ಬೇಕು, ಮಧ್ಯದ್ದು ತಲೆನೋವು.

ಮಾರೋನು ಅದನ್ನ ಹೆಂಗೆ ಎತ್ತುತ್ತಾನೆ ಅನ್ನೋದನ್ನೂ ಗಮನಿಸಿ. ಕೋಳೀನ ಕಾಲು ಕಟ್ಟಿ ಸ್ಕೂಟರ್ ಹ್ಯಾಂಡಲ್ಲಿಗೆ ತಲೆಕೆಳಗೆ ನೇತಾಕೋದು ನಮ್ಮಲ್ಲಿ ಮಾಮೂಲು, ಕೋಳಿಗೂ ಅದು ಹಿಂಸೇನೇ, ಬಾತಿಗಂತೂ ಕಾಲೇ ಕಿತ್ತು ಬರುತ್ತೆ, ಅದರ ಕಾಲು ನೀರಿಗೆ ಆಗಿಬಂದಿರೋದು, ಮೈ ಭಾರ ಹೊತ್ತು ನೇತಾಡೋಕಲ್ಲ. ಗೊತ್ತಿರೋನು ರೆಕ್ಕೆ ಸೇರಿಸಿ ಹೊಟ್ಟೆ ಕೆಳಗೆ ಕೈ ಕೊಟ್ಟು ಎತ್ತುತ್ತಾನೆ. ಕಾಲು ಹಿಡಿದು ಝಾಡಿಸೋನು ಮಿಕ್ಕಿದ್ದನ್ನ ಎಷ್ಟು ಚೆನ್ನಾಗಿ ಮಾಡಿರ್ತಾನೆ, ನೀವೇ ಹೇಳಿ. ತರೋಕೆ ಗಾಳಿ ಆಡೋ ಬುಟ್ಟಿ ಇಲ್ಲಾ ರಟ್ಟಿನ ಡಬ್ಬ ಸಾಕು.

ಹಕ್ಕಿಜ್ವರದ ಮಾತು ಬರ್ಲೇಬೇಕು. 2017ರ ಜನವರೀಲಿ ಮೈಸೂರು ಝೂನೇ ತಿಂಗಳು ಮುಚ್ಚಿದ್ದು ನೆನಪಿರುತ್ತೆ, 2020ರ ಮಾರ್ಚಲ್ಲಿ ಮೈಸೂರಿನ ಕುಂಬಾರಕೊಪ್ಪಲಲ್ಲಿ ಕೋಳಿಗಳನ್ನೆಲ್ಲಾ ಕೊಂದ್ರು. ಕೇರಳದ ಕುಟ್ಟನಾಡಲ್ಲಿ 2014ರಿಂದ ಈಚೆಗೆ ಮತ್ತೆ ಮತ್ತೆ ಬಾತುಗಳಿಗೇ ಬಂದಿದೆ. ಬಾತಿನ ಕಷ್ಟ ಏನು ಅಂದ್ರೆ ಕೆಲವು ಸಲ ವೈರಸ್ ಇದ್ರೂ ರೋಗ ತೋರಿಸಲ್ಲ, ಆರಾಮಾಗಿ ಓಡಾಡ್ಕೊಂಡಿರುತ್ತೆ. ಅದಕ್ಕೆ ಆ ಸುದ್ದಿ ಇರೋ ವರ್ಷ ಗಡಿ ಆಚೆಯಿಂದ ಬಂದ ಹಿಂಡಿನ ತಂಟೆ ಬೇಡ, ಲೋಕಲ್ ಸಾಕಿರೋದು ಸಿಕ್ರೆ ಸರಿ, ಇಲ್ದಿದ್ರೆ ಆ ವರ್ಷ ಕುರಿ. ಇನ್ನು ಕೆಲವರು ಗುಟ್ಟಾಗಿ "ಕೆರೆ ಬಾತು ಇದೆ ಸಾರ್, ಕಾಡ್ದು" ಅಂತ ಬರ್ತಾರೆ, ಚಳಿಗಾಲದಲ್ಲಿ ನಂಜನಗೂಡು ತಾಲ್ಲೂಕಿನ ಹದಿನಾರು ಅನ್ನೋ ಊರಿನ ಕೆರೆಗೆ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತು ಬರೋ ಸೀಸನ್ನೇ ಅದು. ಕಾಡುಹಕ್ಕಿ ಹೊಡೆಯೋದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ, ಅಂಥೋರನ್ನ ಗೇಟಿಂದಾನೇ ಕಳಿಸಿ.

ಕೊಯ್ಯೋದು ಹಬ್ಬದ ದಿನ ಬೆಳಗ್ಗೆ ಇಟ್ಕೋಬೇಡಿ. ಡಿಸೆಂಬರ್ 23ಕ್ಕೇ ಕೊಯ್ಸಿ, ಒಂದು ದಿನ ಫ್ರಿಜ್ಜಲ್ಲಿ ಇಟ್ರೆ ಮಾಂಸ ಸೆಡೆತ ಬಿಟ್ಟು ಮೆತ್ತಗಾಗುತ್ತೆ. ಹಿಂದಿನ ರಾತ್ರಿ ಮೇವು ನಿಲ್ಲಿಸಿ ನೀರು ಮಾತ್ರ ಕೊಡಿ. ಮೈಸೂರಿನ ಅಂಗಡೀಲಿ ಕೊಯ್ಸಿದ್ರೆ ಹತ್ರಾನೇ ನಿಂತಿರಿ, ಯಾಕಂದ್ರೆ ಅಲ್ಲಿ ಹುಡುಗರ ಕೈ ಬ್ರಾಯ್ಲರಿಗೆ ಪಳಗಿರೋದು, ನೀವು ಫೋನ್ ನೋಡೋಷ್ಟರಲ್ಲಿ ಬನಿಯನ್ ಬಿಚ್ಚಿದಂಗೆ ಸ್ಕಿನ್ ಸರ್ರಂತ ಎಳೆದು ಹಾಕಿರ್ತಾನೆ. ಬಾತಿನ ರುಚಿಯೆಲ್ಲಾ ಚರ್ಮ, ಅದರ ಕೆಳಗಿನ ಕೊಬ್ಬಲ್ಲೇ ಇರೋದು, ಅದು ಹೋದ್ಮೇಲೆ ಉಳಿಯೋದು ಕೆಂಪು ಮಾಂಸ, ಮೂಳೆ ಅಷ್ಟೇ. ಪುಕ್ಕಕ್ಕೆ ಎಣ್ಣೆ ಇರೋದ್ರಿಂದ ನೀರು ಒಳಗೆ ಇಳಿಯಲ್ಲ, ಕೋಳಿಗಿಂತ ಸ್ವಲ್ಪ ಜಾಸ್ತಿ ಬಿಸಿ ನೀರು ಬೇಕು, ನೀರಿಗೆ ಚೂರು ಸೋಪು ಹಾಕೋರೂ ಇದ್ದಾರೆ. ಕಿತ್ತ ಮೇಲೆ ಉಳಿದ ನವಿರು ಪುಕ್ಕಕ್ಕೆ ನಾಟಿ ಕೋಳಿ ಥರಾನೇ ಹುಲ್ಲು ಬೆಂಕೀಲಿ ಆಡಿಸಿ ಅರಿಶಿನ ಹಚ್ಚಿ ಉಜ್ಜಿ, ಆದ್ರೆ ಬೇಗ ಬೇಗ, ಜಾಸ್ತಿ ಹೊತ್ತು ಹಿಡಿದ್ರೆ ಕೊಬ್ಬು ಕರಗಿ ಬೆಂಕಿಗೆ ಸುರಿಯುತ್ತೆ. ಬಾಲದ ಮೇಲೆ ಹಳದಿ ಬಣ್ಣದ ಎರಡು ಹಾಲೆ ಇರೋ ಎಣ್ಣೆ ಗ್ರಂಥಿ ಇರುತ್ತೆ, ಅದನ್ನ ಪೂರ್ತಿ ಕೊರೆದು ತೆಗೀಬೇಕು. "ಬಾತು ವಾಸನೆ" ಅಂತ ಜನ ಮೂಗು ಮುರಿಯೋದು ಬಹಳಷ್ಟು ಸಲ ಅದನ್ನ ಬಿಟ್ಟಿದ್ದಕ್ಕೆ.

ತೂಕ ನೋಡಿ ಗಾಬರಿ ಆಗ್ಬೇಡಿ, ಎರಡು ಕೆಜಿ ಬಾತು ಕ್ಲೀನ್ ಆದ್ಮೇಲೆ ಒಂದೂಕಾಲು, ಹೆಚ್ಚಂದ್ರೆ ಒಂದೂವರೆಯೊಳಗೆ ಇರುತ್ತೆ, ಅದರಲ್ಲೂ ಮೂಳೆ ದಂಡಿ. ನಾಲ್ಕು ಜನಕ್ಕೆ ಒಂದು ಅಂತ ಇಟ್ಕೊಳ್ಳಿ, ನಮ್ಮ ಮನೆಯೋರ ಥರ ಉಣ್ಣೋರಾದ್ರೆ ಮೂರೇ ಜನಕ್ಕೆ. ಎದೆ ಮಾಂಸಾನೂ ಕೆಂಪಗೇ ಇರುತ್ತೆ, ಬೆಂದಿಲ್ಲ ಅಂತ ಅಲ್ಲ, ದೂರ ಹಾರೋ ಹಕ್ಕಿಯ ವಂಶ ಅದು, ಎದೇಲಿ ಕೆಲಸ ಮಾಡೋ ಕೆಂಪು ಸ್ನಾಯು.

ಹುರಿಯೋಕೆ ಎಣ್ಣೆ ಹಾಕ್ಲೇಬೇಡಿ. ಚರ್ಮಕ್ಕೆ ಅಲ್ಲಲ್ಲಿ ಮಾಂಸಕ್ಕೆ ತಾಗದಂಗೆ ಚುಚ್ಚಿ, ತಣ್ಣಗಿರೋ ಬಾಣಲೆಗೆ ಚರ್ಮ ಕೆಳಗೆ ಮಾಡಿ ಇಟ್ಟು ಸಣ್ಣ ಉರಿ ಹಚ್ಚಿ, ಅದರ ಕೊಬ್ಬು ಅದೇ ಬಿಡುತ್ತೆ. ಬಿಟ್ಟ ಕೊಬ್ಬನ್ನ ಬಸಿದು ಇಟ್ಕೊಂಡು ಆಮೇಲೆ ಈರುಳ್ಳಿ, ಶುಂಠಿ, ಜಜ್ಜಿದ ಬೆಳ್ಳುಳ್ಳಿ, ಕರಿಮೆಣಸು, ಕೊನೇಲಿ ಒಂದು ಚಮಚ ವಿನೆಗರ್. ಈ ವಿನೆಗರ್ ವಿಷಯದಲ್ಲಿ ನಮ್ಮನೇಲಿ ಒಮ್ಮತ ಇಲ್ಲ, ದೊಡ್ಡಮ್ಮ ಹುಣಸೆಹಣ್ಣೇ ಆಗ್ಬೇಕು ಅಂತಾರೆ, ನಾನು ಅಡುಗೆಗೆ ನಿಂತ ವರ್ಷ ವಿನೆಗರ್, ಅವರು ನಿಂತ ವರ್ಷ ಹುಣಸೆ. ಬಸಿದ ಕೊಬ್ಬಲ್ಲಿ ಬೇಯಿಸಿದ ಆಲೂಗಡ್ಡೆ ಹುರಿದು ಮಕ್ಕಳಿಗೆ ಕೊಟ್ರೆ ಬಾತು ಬೇಡ ಅಂದೋರೂ ತಟ್ಟೆ ಹಿಡ್ಕೊಂಡು ಬರ್ತಾರೆ. ಉಳಿದ್ರೆ ಬಾಟಲಿಗೆ ಹಾಕಿ ಫ್ರಿಜ್ಜಲ್ಲಿ ಇಡಿ, ಜನವರಿ ಪೂರ್ತಿ ಪಲ್ಯಕ್ಕೆ ಆಗುತ್ತೆ, ಸಂಕ್ರಾಂತಿ ದಿನ ಮಾತ್ರ ಪಕ್ಕದ್ಮನೆಗೆ ಕೊಡೋ ಅಡುಗೆಗೆ ಹಾಕ್ಬೇಡಿ, ಅವರು ಸಸ್ಯಾಹಾರಿಗಳು.